ಎರಡು ಎಕರೆ ಹತ್ತು ಗುಂಟೆ 44836 ಆಗಿದ್ದು ಹೇಗೆ?

ಪ್ರಶ್ನೆ: ಪಿಎಚ್‌ಡಿ ಅಧ್ಯಯನಕ್ಕಾಗಿ ಮೂರು ತಾಲ್ಲೂಕುಗಳ 1,260 ರೈತರ ಸರ್ವೆ ಮಾಡಿಸಿದ್ದೇನೆ. ಆರು ಜನ ಊರೂರಿಗೆ ಹೋಗಿ ಫಾರಂ ತುಂಬಿಸಿಕೊಂಡು ಬಂದು, ತಮ್ಮ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್‌ಗೆ ಟೈಪ್ ಮಾಡಿದರು. ಆರೂ ಫೈಲ್ ಒಂದಕ್ಕೆ ಸೇರಿಸಿ ‘ಆರ್’ ಸಾಫ್ಟ್‌ವೇರ್‌ಗೆ ತೆಗೆದುಕೊಂಡೆ. ಜಮೀನಿನ ಕಾಲಂ ನಂಬರ್ ಆಗಿ ಬರಲಿಲ್ಲ, ಟೆಕ್ಸ್ಟ್ ಆಗಿ ಬಂತು. ಬಲವಂತವಾಗಿ ನಂಬರ್‌ಗೆ ಬದಲಿಸಿದೆ. 41 ಕಡೆ ‘ಎನ್‌ಎ’ (ಇಲ್ಲಿ ಬೆಲೆ ಇಲ್ಲ ಎಂಬ ಗುರುತು) ಬಂತು. ಸರಾಸರಿ ಜಮೀನು 76 ಎಕರೆ ಅಂತ ತೋರಿಸಿತು! ಸರ್ವೆ ನಂಬರ್ ಕಾಲಂನಲ್ಲಿ 44632, 44898 ಎಂಬ ಸಂಖ್ಯೆಗಳು ಕಾಣುತ್ತಿವೆ. 12 ಸಾಲುಗಳ ಮಾದರಿ ಕಳಿಸಿದ್ದೇನೆ. ಎಲ್ಲವನ್ನೂ ಮತ್ತೆ ಟೈಪ್ ಮಾಡಿಸಬೇಕಾ?

ಉತ್ತರ: ಬೇಡ, ಎಲ್ಲವನ್ನೂ ಮತ್ತೆ ಟೈಪ್ ಮಾಡಿಸುವುದು ಬೇಡ. ಆದರೆ ಕೆಲವು ರೈತರ ಫಾರಂ ಕಟ್ಟಿನಿಂದ ತೆಗೆದು ನೋಡಲೇಬೇಕು. ಯಾವ ಫಾರಂ ಅಂತ ಹುಡುಕುವುದೇ ಈಗಿನ ಕೆಲಸ.

ಮೊದಲು ಒಂದು ಮಾತು. ನಿಮ್ಮ ಸರಾಸರಿ 76 ಎಕರೆ ಬಂದದ್ದು ಒಳ್ಳೆಯದೇ ಆಯಿತು. ಅದನ್ನು ನೋಡಿದ ತಕ್ಷಣ ಎಲ್ಲೋ ತಪ್ಪಾಗಿದೆ ಅಂತ ನಿಮಗೆ ಗೊತ್ತಾಯಿತು. ಅದೇ 3.4 ಅಂತ ಬಂದಿದ್ದರೆ? ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಅಚ್ಚಾಗಿ ಕೂರುತ್ತಿತ್ತು. ಆಮದು ಮಾಡುವಾಗ ಆಗುವ ತಪ್ಪುಗಳಲ್ಲಿ ನನಗೆ ಜಾಸ್ತಿ ಹೆದರಿಕೆ ಇರುವುದು ಹೀಗೆ ಸದ್ದಿಲ್ಲದೆ ಬರುವ ತಪ್ಪುಗಳ ಬಗ್ಗೆ. ನಿಮ್ಮ ಫೈಲ್‌ನಲ್ಲಿ ಅಂಥದ್ದೂ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ತೊಂದರೆಯ ಬೇರು ಎಲ್ಲಿದೆ ನೋಡಿ. ಎಕ್ಸೆಲ್‌ನಲ್ಲಿ ಒಂದೊಂದು ಸೆಲ್‌ಗೂ ಅದರದೇ ಬಗೆ ಇರುತ್ತದೆ. ಮೇಲಿನ ಸೆಲ್ ನಂಬರ್, ಅದರ ಕೆಳಗಿನದು ಟೆಕ್ಸ್ಟ್, ಅದರ ಕೆಳಗೆ ತಾರೀಖು, ಹೀಗೆ ಏನು ಬೇಕಾದರೂ ಇರಬಹುದು. ಎಕ್ಸೆಲ್ ಬೇಡ ಅನ್ನುವುದಿಲ್ಲ. ಆರ್, ಸ್ಟೇಟಾ, ಎಸ್‌ಪಿಎಸ್‌ಎಸ್ ಥರದ ಅಂಕಿಅಂಶ ಸಾಫ್ಟ್‌ವೇರ್ ಯಾವುದೇ ಇರಲಿ, ಅಲ್ಲಿ ಒಂದು ಕಾಲಂಗೆ ಒಂದೇ ಬಗೆ. ಆದ್ದರಿಂದ ಫೈಲ್ ಓದುವ ಹೊತ್ತಿಗೆ ಸಾಫ್ಟ್‌ವೇರ್ ಒಂದು ತೀರ್ಮಾನಕ್ಕೆ ಬರಲೇಬೇಕು. ನೀವು ಹೇಳಿಕೊಡದಿದ್ದರೆ ಅದು ಊಹೆ ಮಾಡುತ್ತದೆ. ಎಕ್ಸೆಲ್ ಫೈಲನ್ನು ಆರ್‌ಗೆ ಓದಿಕೊಳ್ಳಲು ನೀವು ಬಳಸಿದ ರೀಡ್‌ಎಕ್ಸ್‌ಎಲ್ ಪ್ಯಾಕೇಜ್ ಸುಮ್ನೆ ಬಿಟ್ಟರೆ ಮೊದಲ 1,000 ಸಾಲು ನೋಡಿ ಊಹಿಸುತ್ತದೆ. ಅದರಲ್ಲಿ ಒಂದೇ ಒಂದು ಸೆಲ್ ಟೆಕ್ಸ್ಟ್ ಇದ್ದರೂ ಸಾಕು, ಇಡೀ ಕಾಲಂ ಟೆಕ್ಸ್ಟ್. ಇದು ಆ ಪ್ಯಾಕೇಜಿನ ದೋಷವಲ್ಲ. ಯಾವುದನ್ನೂ ಕಳೆಯದೆ ಉಳಿಸಿಕೊಳ್ಳಲು ಅದಕ್ಕೆ ಇರುವ ದಾರಿ ಅದೊಂದೇ.

ನೀವು ಕಳಿಸಿದ 12 ಸಾಲಿನಲ್ಲಿ ಜಮೀನಿನ ಕಾಲಂ ಹೀಗಿದೆ: 3, 2.1, 2.5, ‘2 ಎ 10 ಗುಂ’, 1.15, ‘-’, ‘೪’, 44836, ‘1.05.00’, 2.25, 0.3, 1. ಎಲ್ಲವೂ ಜಮೀನೇ. ಬರೆದವರೂ ತಪ್ಪು ಬರೆದಿಲ್ಲ. ಆದರೆ ಇಲ್ಲಿ ಕನಿಷ್ಠ ಐದು ಥರದ ಬರವಣಿಗೆ ಇದೆ.

44836ರಿಂದ ಶುರು ಮಾಡೋಣ. ಎಕ್ಸೆಲ್ ತಾರೀಖನ್ನು ಒಳಗೆ ಬರೀ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಅಂದರೆ 1. ಅಲ್ಲಿಂದ ದಿನಕ್ಕೊಂದರಂತೆ ಎಣಿಸುತ್ತ ಬರುತ್ತದೆ. 44836 ಅಂದರೆ 2022ರ ಅಕ್ಟೋಬರ್ 2. ಈಗ ಹೊಳೆಯಿತಲ್ವಾ? ನಿಮ್ಮವರೊಬ್ಬರು ಎರಡು ಎಕರೆ ಹತ್ತು ಗುಂಟೆಯನ್ನು ‘2-10’ ಅಂತ ಟೈಪ್ ಮಾಡಿದ್ದಾರೆ. ಎಕ್ಸೆಲ್ ಅದನ್ನು ಹತ್ತನೇ ತಿಂಗಳ ಎರಡನೇ ತಾರೀಖು ಅಂದುಕೊಂಡಿತು. ವರ್ಷ ಹೇಳಿರಲಿಲ್ಲ, ಅದಕ್ಕೇ ಆಗ ನಡೆಯುತ್ತಿದ್ದ ವರ್ಷವನ್ನು ತಾನೇ ಸೇರಿಸಿತು. ಡೇಟಾ 2022ರಲ್ಲಿ ಟೈಪ್ ಆಗಿದೆ ಅಂತ ಆ ಸಂಖ್ಯೆಯೇ ಹೇಳುತ್ತಿದೆ.

ನಿಮ್ಮ 76 ಎಕರೆಯ ಗುಟ್ಟೂ ಇದೇ. 41 ಎನ್‌ಎ ಬಿಟ್ಟರೆ ಉಳಿದದ್ದು 1,219 ರೈತರು. ನಿಜವಾದ ಸರಾಸರಿ ಸುಮಾರು 3 ಎಕರೆ ಇದೆ ಅಂತ ಇಟ್ಟುಕೊಳ್ಳಿ. ಅದು 76ಕ್ಕೆ ಏರಬೇಕಾದರೆ ಒಟ್ಟು ಮೊತ್ತಕ್ಕೆ ಸುಮಾರು 89,000 ಎಕರೆ ಸೇರಿರಬೇಕು. ಅಂದರೆ ಎರಡು ಸೆಲ್. 1,260ರಲ್ಲಿ ಎರಡೇ ಎರಡು ಸೆಲ್ ತಾರೀಖಾಗಿವೆ, ಸರಾಸರಿ ಇಪ್ಪತ್ತೈದು ಪಟ್ಟು ಆಗಿದೆ. ಆ ಕಾಲಂ ಅನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ನೋಡಿ. ತಲೆಯಲ್ಲೇ ಎರಡೂ ಸಿಗುತ್ತವೆ.

ಸರ್ವೆ ನಂಬರ್ ಕಾಲಂನದ್ದೂ ಇದೇ ಕಥೆ, ಆದರೆ ಇನ್ನೊಂದು ಸುತ್ತು ಇದೆ. 44632 ಅಂದರೆ 2022ರ ಮಾರ್ಚ್ 12. 44898 ಅಂದರೆ 2022ರ ಡಿಸೆಂಬರ್ 3. ಎರಡೂ ‘12/3’ ಎಂಬ ಒಂದೇ ಸರ್ವೆ ನಂಬರ್‌ನಿಂದ ಹುಟ್ಟಬಹುದು. ಒಂದು ಲ್ಯಾಪ್‌ಟಾಪ್‌ನಲ್ಲಿ ತಾರೀಖಿನ ಸೆಟ್ಟಿಂಗ್ ನಮ್ಮ ಪದ್ಧತಿಯದು, ದಿನ ಮೊದಲು ತಿಂಗಳು ಆಮೇಲೆ. ಇನ್ನೊಂದರಲ್ಲಿ ಅಮೆರಿಕದ ಪದ್ಧತಿ, ತಿಂಗಳು ಮೊದಲು. ಒಂದೇ ಹಿಸ್ಸಾ ಎರಡು ಯಂತ್ರದಲ್ಲಿ ಎರಡು ತಾರೀಖಾಗಿದೆ. ‘45/2’ ಅಥವಾ ‘5/1ಎ’ ಥರದವು ದಿನ-ತಿಂಗಳಾಗಿ ಹೊಂದುವುದಿಲ್ಲ, ಆದ್ದರಿಂದ ಹಾಗೇ ಟೆಕ್ಸ್ಟ್ ಆಗಿ ಉಳಿದಿವೆ. ಕಾಲಂ ಟೆಕ್ಸ್ಟ್ ಆಗಿ ಬಂದಾಗ ತಾರೀಖಾದ ಸೆಲ್‌ಗಳು ಮಾತ್ರ ಒಳಗಿನ ಸಂಖ್ಯೆಯನ್ನು ಹೊತ್ತುಕೊಂಡು ಬಂದವು.

ಇದನ್ನು ಸರಿಪಡಿಸಬಹುದು. ಆದರೆ ಯಾರ ಲ್ಯಾಪ್‌ಟಾಪ್‌ನಲ್ಲಿ ಯಾವ ಸೆಟ್ಟಿಂಗ್ ಇತ್ತು ಎಂದು ಗೊತ್ತಿರಬೇಕು. ಆರೂ ಫೈಲ್ ಒಂದಕ್ಕೆ ಸೇರಿಸಿದ್ದೀರಿ ಅಂದಿರಿ. ದಯವಿಟ್ಟು ಹಳೆಯ ಆರೂ ಫೈಲ್ ಹಾಗೇ ಇಟ್ಟುಕೊಂಡಿದ್ದೀರಿ ಎಂದು ಹೇಳಿ. ಇದ್ದರೆ ಒಂದೊಂದನ್ನೂ ಬೇರೆ ಬೇರೆ ಓದಿ, ‘ಟೈಪ್ ಮಾಡಿದವರು’ ಅಂತ ಒಂದು ಕಾಲಂ ಸೇರಿಸಿ, ಆಮೇಲೆ ಆರ್‌ನ ಒಳಗೇ ಜೋಡಿಸಿ. ಆ ಒಂದು ಕಾಲಂ ಇಲ್ಲದೆ ಮುಂದಿನ ಯಾವ ಕೆಲಸವೂ ನಂಬಿಕೆಯಿಂದ ಆಗುವುದಿಲ್ಲ. ತಾರೀಖಾದ ಸಂಖ್ಯೆಯನ್ನು ಆರ್‌ನಲ್ಲಿ ತಾರೀಖಾಗಿ ತಿರುಗಿಸುವಾಗ ಎಣಿಕೆಯ ಮೂಲ ದಿನ 1899ರ ಡಿಸೆಂಬರ್ 30 ಎಂದು ಕೊಡಬೇಕು, 1900ರ ಜನವರಿ 1 ಅಲ್ಲ. ಎಕ್ಸೆಲ್ 1900ನೇ ಇಸವಿಯನ್ನು ಅಧಿಕ ವರ್ಷ ಎಂದು ಲೆಕ್ಕ ಹಾಕುತ್ತದೆ. ಇಲ್ಲದ ಫೆಬ್ರವರಿ 29 ಅದರ ಕ್ಯಾಲೆಂಡರ್‌ನಲ್ಲಿದೆ. ಹಳೆಯ ಲೋಟಸ್ 1-2-3 ಪ್ರೋಗ್ರಾಮಿನ ತಪ್ಪನ್ನು ಹೊಂದಾಣಿಕೆಗಾಗಿ ಹಾಗೇ ಉಳಿಸಿಕೊಂಡರು. ಆರು ಜನರಲ್ಲಿ ಯಾರಾದರೂ ಹಳೆಯ ಮ್ಯಾಕ್ ಫೈಲ್ ಬಳಸಿದ್ದರೆ ಎಣಿಕೆ 1904ರಿಂದ ಶುರುವಾಗಿರಬಹುದು. ಆಗ 1,462 ದಿನಗಳ ವ್ಯತ್ಯಾಸ ಬರುತ್ತದೆ.

ಈಗ ನಾನು ಹೇಳಿದ ಆ ಸದ್ದಿಲ್ಲದ ತಪ್ಪಿಗೆ ಬರುತ್ತೇನೆ. ನಿಮ್ಮ 41 ಎನ್‌ಎಗಿಂತ, ಆ ಎರಡು ತಾರೀಖಿಗಿಂತ, ನನ್ನ ನಿದ್ದೆ ಕೆಡಿಸುವುದು ಆ ‘2.1’.

ನಮ್ಮ ಕಡೆ ಎಕರೆ-ಗುಂಟೆಯನ್ನು ಪಹಣಿಯ ಥರ ಚುಕ್ಕೆ ಇಟ್ಟು ಬರೆಯುವ ರೂಢಿ. 2.10 ಅಂದರೆ ಎರಡು ಎಕರೆ ಹತ್ತು ಗುಂಟೆ. 40 ಗುಂಟೆಗೆ ಒಂದು ಎಕರೆ. ಆದ್ದರಿಂದ ಅದು ದಶಾಂಶದಲ್ಲಿ 2.25 ಎಕರೆ. ಆದರೆ ಎಕ್ಸೆಲ್‌ಗೆ ಆ ಚುಕ್ಕೆ ದಶಾಂಶದ ಚುಕ್ಕೆ. 2.10 ಎಂದು ಟೈಪ್ ಮಾಡಿ ಎಂಟರ್ ಒತ್ತಿದ ಕೂಡಲೇ ಕೊನೆಯ ಸೊನ್ನೆ ಹೋಗಿ 2.1 ಉಳಿಯುತ್ತದೆ. ಇನ್ನೊಬ್ಬರು ಎರಡು ಎಕರೆ ಒಂದು ಗುಂಟೆಯನ್ನು 2.1 ಅಂತಲೇ ಬರೆದಿರಬಹುದು. ಈಗ ಇಬ್ಬರ ಜಮೀನೂ ಫೈಲ್‌ನಲ್ಲಿ ಒಂದೇ. ಸೆಲ್‌ನ ಫಾರ್ಮ್ಯಾಟ್ ಬದಲಿಸಿ ಎರಡು ಸ್ಥಾನ ತೋರಿಸು ಅಂದರೆ ಇಬ್ಬರದ್ದೂ 2.10 ಅಂತ ಕಾಣುತ್ತದೆ. ಟೆಕ್ಸ್ಟ್ ಆಗಿ ಓದಿದರೂ ಹೋದ ಸೊನ್ನೆ ವಾಪಸ್ ಬರುವುದಿಲ್ಲ.

2.5 ಇನ್ನೂ ಕಷ್ಟ. ಎರಡು ಎಕರೆ ಐದು ಗುಂಟೆನಾ, ಎರಡೂವರೆ ಎಕರೆನಾ? ಎರಡು ಎಕರೆ ಐವತ್ತು ಗುಂಟೆ ಅಂತೂ ಅಲ್ಲ. ಹಾಗೊಂದು ಅಳತೆ ಇಲ್ಲ. 2.25 ಕೂಡ ಹಾಗೇ: ಎರಡೂಕಾಲು ಎಕರೆಯೋ, ಎರಡು ಎಕರೆ ಇಪ್ಪತ್ತೈದು ಗುಂಟೆಯೋ? ಎರಡನೆಯದಾದರೆ ಅದು 2.625 ಎಕರೆ. ಸಣ್ಣ ರೈತರ ಅಧ್ಯಯನದಲ್ಲಿ ಇಷ್ಟು ವ್ಯತ್ಯಾಸ ಸಣ್ಣದಲ್ಲ. ಎಕರೆವಾರು ಇಳುವರಿ, ಎಕರೆವಾರು ಖರ್ಚು ಎಲ್ಲವನ್ನೂ ನೀವು ಇದೇ ಸಂಖ್ಯೆಯಿಂದ ಭಾಗಿಸುತ್ತೀರಿ. ಮತ್ತೆ ಯಾವ ಸಾಫ್ಟ್‌ವೇರೂ ಇದಕ್ಕೆ ಎಚ್ಚರಿಕೆ ಕೊಡುವುದಿಲ್ಲ. ಅದರ ಕಣ್ಣಿಗೆ ಇದು ಅಚ್ಚುಕಟ್ಟಾದ ನಂಬರ್ ಕಾಲಂ.

ಬಿಡಿಸುವ ದಾರಿ ಇದೆ. ಒಬ್ಬೊಬ್ಬರು ಟೈಪ್ ಮಾಡಿದ್ದನ್ನು ಬೇರೆ ಬೇರೆ ತೆಗೆದು, ಚುಕ್ಕೆಯ ನಂತರದ ಭಾಗವನ್ನು ಮಾತ್ರ ಎಣಿಸಿ. ಯಾವುದು ಎಷ್ಟು ಸಲ ಬಂದಿದೆ ಅಂತ ಒಂದು ಪಟ್ಟಿ. ಒಬ್ಬರ ಪಟ್ಟಿಯಲ್ಲಿ .25, .5, .75 ಇವೇ ತುಂಬಿದ್ದರೆ ಅವರು ಕಾಲು, ಅರ್ಧ, ಮುಕ್ಕಾಲು ಬರೆದಿದ್ದಾರೆ. ಅವರದ್ದು ದಶಾಂಶ, ಹಾಗೇ ಬಿಡಿ. .75 ಎಂಬುದು ಗುಂಟೆ ಆಗಲು ಸಾಧ್ಯವೇ ಇಲ್ಲ, ಆದ್ದರಿಂದ ಅದು ಒಳ್ಳೆಯ ಸುಳಿವು. ಇನ್ನೊಬ್ಬರಲ್ಲಿ .05, .17, .32, .38 ಹೀಗೆ ಬಂದು, .39ರ ಮೇಲೆ ಒಂದೂ ಇಲ್ಲದಿದ್ದರೆ ಅವರದ್ದು ಗುಂಟೆ. ಅವರಲ್ಲಿ .05 ಇದೆ ಎಂದರೆ ಐದು ಗುಂಟೆಗೆ ಸೊನ್ನೆ ಸೇರಿಸಿ ಬರೆಯುವ ಅಭ್ಯಾಸ ಅವರಿಗಿದೆ. ಹಾಗಾದರೆ ಅವರ .1 ಖಂಡಿತ ಹತ್ತು ಗುಂಟೆ, .2 ಇಪ್ಪತ್ತು, .3 ಮೂವತ್ತು. ಮೂರನೆಯವರಲ್ಲಿ .15, .22 ಇವೆ, .05ರ ಥರದ್ದು ಒಂದೂ ಇಲ್ಲ, ಆದರೆ .5, .7, .8 ಇವೆ ಅಂದುಕೊಳ್ಳಿ. ಅವರು ಒಂದಂಕಿಯ ಗುಂಟೆಯನ್ನು ಸೊನ್ನೆ ಇಲ್ಲದೆ ಬರೆದಿದ್ದಾರೆ. ಅವರ .5 ಅಂದರೆ ಐದು ಗುಂಟೆ. ಅವರ .1, .2, .3 ಮಾತ್ರ ಹೇಳಲು ಬರುವುದಿಲ್ಲ. ಆ ಫಾರಂಗಳನ್ನೇ ಕಟ್ಟಿನಿಂದ ತೆಗೆಯಿರಿ. ಜೊತೆಗೆ ಆರು ಜನರಿಗೂ ಒಂದು ಫೋನ್ ಮಾಡಿ, ‘ನೀವು ಗುಂಟೆ ಹೇಗೆ ಬರೆದಿರಿ’ ಅಂತ ಕೇಳಿ. ಪಟ್ಟಿಯೂ ಅವರ ಮಾತೂ ಹೊಂದಿಕೆಯಾದರೆ ನೆಮ್ಮದಿ.

ಗುಂಟೆಯ ರೂಢಿ ಎಂದು ಖಚಿತವಾದ ಮೇಲೆ ಲೆಕ್ಕ ಸುಲಭ. ಪೂರ್ಣ ಭಾಗ ಎಕರೆ. ಚುಕ್ಕೆಯ ನಂತರದ್ದನ್ನು 100ರಿಂದ ಗುಣಿಸಿದರೆ ಗುಂಟೆ (ಮೂರನೆಯವರು ಸೊನ್ನೆ ಇಲ್ಲದೆ ಬರೆದ .5, .7, .8 ಥರದ್ದನ್ನು ಮಾತ್ರ 10ರಿಂದ ಗುಣಿಸಿ), ಅದನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿ. ಗುಣಿಸಿದ ಮೇಲೆ ರೌಂಡ್ ಮಾಡುವುದನ್ನು ಮರೆಯಬೇಡಿ. ಕಂಪ್ಯೂಟರ್ 2.28ರಿಂದ 2 ಕಳೆದರೆ ಸರಿಯಾಗಿ 0.28 ಸಿಗುವುದಿಲ್ಲ, ಕೂದಲೆಳೆಯಷ್ಟು ಕಮ್ಮಿ ಬರುತ್ತದೆ. ರೌಂಡ್ ಮಾಡದೆ ಪೂರ್ಣಾಂಕ ತೆಗೆದರೆ 28 ಗುಂಟೆ 27 ಆಗುತ್ತದೆ.

ಇನ್ನು ಆ 41 ಎನ್‌ಎ. ದಯವಿಟ್ಟು ‘ಬರೀ 41 ತಾನೇ’ ಅಂತ ಬಿಟ್ಟುಬಿಡಬೇಡಿ. ಅವು ಎಲ್ಲೆಂದರಲ್ಲಿ ಚದುರಿದ ಖಾಲಿ ಜಾಗಗಳಲ್ಲ. ‘2 ಎ 10 ಗುಂ’ ಎಂದು ಪೂರ್ತಿ ಬರೆದವರು ಬಹುಶಃ ಒಬ್ಬರೇ. ಅವರು ಹೋದ ಊರುಗಳೂ ಎರಡೋ ಮೂರೋ. ಎನ್‌ಎ ಎಂದು ಬಿಟ್ಟರೆ ಆ ಊರುಗಳ ರೈತರೇ ನಿಮ್ಮ ಲೆಕ್ಕದಿಂದ ಮಾಯ. ಎಲ್ಲರಿಗಿಂತ ಸ್ಪಷ್ಟವಾಗಿ ಬರೆದವರ ಕೆಲಸವನ್ನೇ ನಾವು ಎಸೆದಂತಾಗುತ್ತದೆ. ಅದು ನನಗೆ ತುಂಬ ಬೇಸರ ತರುವ ವಿಷಯ.

ಹೀಗೆ ಮಾಡಿ. ಫೈಲ್ ಓದುವಾಗಲೇ ಎಲ್ಲ ಕಾಲಂಗಳ ಬಗೆ ‘ಟೆಕ್ಸ್ಟ್’ ಎಂದು ನೀವೇ ಹೇಳಿ. ರೀಡ್‌ಎಕ್ಸ್‌ಎಲ್‌ನಲ್ಲಿ ಅದಕ್ಕೆ ‘ಕಾಲ್ ಟೈಪ್ಸ್’ ಎಂಬ ಆಯ್ಕೆ ಇದೆ. ಊಹೆಗೆ ಅವಕಾಶವೇ ಬೇಡ. ಬಂದ ಜಮೀನು ಕಾಲಂ ಅನ್ನು ಮುಟ್ಟದೆ, ಪಕ್ಕದಲ್ಲಿ ‘ಜಮೀನು ನಂಬರ್’ ಎಂಬ ಹೊಸ ಕಾಲಂ ಮಾಡಿ, ಅದರಲ್ಲಿ ನಂಬರ್‌ಗೆ ಬದಲಿಸಿ. ಈಗ ಹಳೆಯದರಲ್ಲಿ ಏನೋ ಇದ್ದು ಹೊಸದರಲ್ಲಿ ಎನ್‌ಎ ಆಗಿರುವ ಸಾಲುಗಳನ್ನು ಮಾತ್ರ ತೆಗೆದು, ಹಳೆಯ ಬರವಣಿಗೆ ಎಷ್ಟು ಬಗೆಯದು ಎಂದು ಎಣಿಸಿ. ಈ ಒಂದು ಪಟ್ಟಿ ನಿಮಗೆ ಎಲ್ಲವನ್ನೂ ಹೇಳುತ್ತದೆ. 41 ಸೆಲ್ ಇದ್ದರೂ ಬಗೆ ಏಳೆಂಟಕ್ಕಿಂತ ಜಾಸ್ತಿ ಇರುವುದಿಲ್ಲ. ಒಂದೊಂದಕ್ಕೂ ಒಂದು ನಿಯಮ ಬರೆಯಿರಿ. ‘ಎ’ ಮತ್ತು ‘ಗುಂ’ ಇದ್ದರೆ ಮೊದಲ ಸಂಖ್ಯೆ ಎಕರೆ, ಎರಡನೆಯದು ಗುಂಟೆ. ‘1.05.00’ ಪಹಣಿಯಿಂದ ನೋಡಿ ಬರೆದದ್ದು, ಎಕರೆ-ಗುಂಟೆ-ಆಣೆ. 16 ಆಣೆಗೆ ಒಂದು ಗುಂಟೆ.

ಇಲ್ಲಿ ಒಂದು ಎಚ್ಚರಿಕೆ. ಟೆಕ್ಸ್ಟ್‌ನಿಂದ ಸಂಖ್ಯೆ ಹೆಕ್ಕಲು ರೀಡ್‌ಆರ್ ಪ್ಯಾಕೇಜಿನಲ್ಲಿ ‘ಪಾರ್ಸ್ ನಂಬರ್’ ಎಂಬ ಸಲಕರಣೆ ಇದೆ. ‘₹1,25,000/-’ ಎಂಬುದನ್ನು 125000 ಮಾಡಲು ಅದು ಬಹಳ ಚೆನ್ನ. ನಿಮ್ಮ ಸಾಲ, ಆದಾಯದ ಕಾಲಂಗಳಿಗೆ ಅದನ್ನೇ ಬಳಸಿ. ಆದರೆ ಜಮೀನಿನ ಕಾಲಂಗೆ ಬೇಡ. ಅದು ಮೊದಲು ಕಂಡ ಸಂಖ್ಯೆಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ‘2 ಎ 10 ಗುಂ’ ಕೊಟ್ಟರೆ 2 ಸಿಗುತ್ತದೆ, ಹತ್ತು ಗುಂಟೆ ಹೋಗುತ್ತದೆ, ಎನ್‌ಎ ಕೂಡ ಬರುವುದಿಲ್ಲ.

‘೪’ ಅಂತ ಕನ್ನಡ ಅಂಕಿಯಲ್ಲಿ ಬರೆದದ್ದು ನೋಡಿ ನನಗೆ ಖುಷಿಯಾಯಿತು. ಆರ್ ಅದನ್ನು ಸಂಖ್ಯೆ ಎಂದು ಗುರುತಿಸುವುದಿಲ್ಲ. ಪೈಥಾನ್ ಭಾಷೆಯ ಸಾದಾ ಪೂರ್ಣಾಂಕ ಆಜ್ಞೆಗೆ ‘೪೫’ ಕೊಟ್ಟರೆ ಸರಿಯಾಗಿ 45 ಎನ್ನುತ್ತದೆ. ಆರ್‌ನಲ್ಲಿ ‘ಸಿಎಚ್‌ಎಆರ್‌ಟಿಆರ್’ ಆಜ್ಞೆಯಿಂದ ೦ಯಿಂದ ೯ರವರೆಗಿನ ಹತ್ತು ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಿಗೆ ಒಂದೇ ಸಾಲಿನಲ್ಲಿ ಬದಲಿಸಬಹುದು. ಆದರೂ ಕೆಲವು ಉಳಿದರೆ ಸೊನ್ನೆಯನ್ನು ನೋಡಿ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಥರ. ‘೧’ರ ಪಕ್ಕ ಅನುಸ್ವಾರ ಒತ್ತಿದರೆ ಪರದೆಯ ಮೇಲೆ ಹತ್ತೇ ಕಾಣುತ್ತದೆ, ಕಂಪ್ಯೂಟರ್‌ಗೆ ಅದು ಹತ್ತಲ್ಲ. ಹಾಗೆಯೇ ಊರಿನ ಹೆಸರಿನ ಕಾಲಂ ಎಕ್ಸೆಲ್‌ನಲ್ಲಿ ಚೆಂದದ ಕನ್ನಡವಾಗಿ ಕಂಡು, ಆರ್‌ಗೆ ಬಂದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾದರೆ, ಅದು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಆಗಿದೆ ಎಂದರ್ಥ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಆಮೇಲೆ ಮುಂದಿನ ಕೆಲಸ.

ಎಲ್ಲ ನಿಯಮ ಹಾಕಿದ ಮೇಲೂ ‘ಇದು ಸರಿಯಾಗೇ ಇದೆಯಲ್ಲ, ಯಾಕೆ ಎನ್‌ಎ’ ಅನ್ನಿಸುವ ಒಂದೆರಡು ಸೆಲ್ ಉಳಿಯುತ್ತವೆ. ಅವುಗಳಲ್ಲಿ ಕಣ್ಣಿಗೆ ಕಾಣದ ಜಾಗ ಕೂತಿರುತ್ತದೆ. ವೆಬ್ ಪುಟದಿಂದ ಅಥವಾ ವಾಟ್ಸಾಪ್‌ನಿಂದ ನಕಲು ಮಾಡಿದಾಗ ಬರುವ, ಸಾಲು ಮುರಿಯದ ಖಾಲಿ ಜಾಗ. ಮಾಮೂಲಿ ಸ್ಪೇಸ್ ತೆಗೆಯುವ ಎಕ್ಸೆಲ್‌ನ ಟ್ರಿಮ್ ಅದನ್ನು ಮುಟ್ಟುವುದಿಲ್ಲ. ಕಂಪ್ಯೂಟರ್‌ನ ಅಕ್ಷರ ಪಟ್ಟಿಯಲ್ಲಿ ಅದರ ಸಂಖ್ಯೆ 160. ಅದನ್ನೇ ಹೆಸರಿಸಿ ತೆಗೆಯಬೇಕು.

‘-’ ಬಗ್ಗೆ ಮಾತ್ರ ಕೋಡ್ ಬರೆಯಬೇಡಿ, ಫಾರಂ ನೋಡಿ. ಜಮೀನಿಲ್ಲದ ಕುಟುಂಬ ಎಂದು ಗೆರೆ ಎಳೆದಿದ್ದರೆ ಅದು ಸೊನ್ನೆ. ಉತ್ತರ ಸಿಗಲಿಲ್ಲ ಎಂದಿದ್ದರೆ ಅದು ಎನ್‌ಎ. ಸರಾಸರಿಯಲ್ಲಿ ಸೊನ್ನೆ ಸೇರುತ್ತದೆ, ಎನ್‌ಎ ಸೇರುವುದಿಲ್ಲ. ಇದನ್ನು ಯಾವ ಸಾಫ್ಟ್‌ವೇರೂ ನಿಮಗಾಗಿ ತೀರ್ಮಾನಿಸಲಾರದು, ತೀರ್ಮಾನಿಸಲೂಬಾರದು.

ನಿಮ್ಮ ಫೈಲ್‌ನಲ್ಲಿ ನೀವು ಕೇಳದ ಇನ್ನೊಂದು ಕಾಲಂ ನನ್ನ ಕಣ್ಣಿಗೆ ಬಿತ್ತು: ಬೋರ್‌ವೆಲ್ ಆಳ. ಮೊದಲ 1,000 ಸಾಲು ಕಾಲುವೆ ನೀರಿನ ಊರುಗಳದ್ದಾಗಿ ಆ ಕಾಲಂ ಪೂರ್ತಿ ಖಾಲಿ ಇದ್ದರೆ, ರೀಡ್‌ಎಕ್ಸ್‌ಎಲ್ ಅದನ್ನು ‘ಹೌದು-ಅಲ್ಲ’ ಬಗೆಯ ಕಾಲಂ ಎಂದು ಊಹಿಸುತ್ತದೆ. ಆಮೇಲೆ ಬರುವ 450 ಅಡಿ, 720 ಅಡಿ ಎಲ್ಲವೂ ‘ಹೌದು’ ಆಗುತ್ತವೆ. ಸರಾಸರಿ ತೆಗೆದರೆ 1. ಎಲ್ಲವನ್ನೂ ಟೆಕ್ಸ್ಟ್ ಎಂದು ಓದಿದರೆ ಈ ತೊಂದರೆ ತಾನಾಗೇ ಹೋಗುತ್ತದೆ. ಫಾರಂ ನಂಬರನ್ನೂ ಒಮ್ಮೆ ನೋಡಿ. ಟೈಪ್ ಮಾಡುವವರಿಗೆ ಎ, ಬಿ, ಸಿ ಎಂದು ಇಂಗ್ಲಿಷ್ ಅಕ್ಷರದ ಗುರುತು ಕೊಟ್ಟಿದ್ದೀರಿ. ಐದನೆಯವರ ‘12ಇ4’ ಎಂಬ ಫಾರಂ ಎಕ್ಸೆಲ್‌ಗೆ 12ರ ಮುಂದೆ ನಾಲ್ಕು ಸೊನ್ನೆ, ಅಂದರೆ 120000. ಉಳಿದ ಐವರದ್ದು ಸರಿಯಾಗಿದ್ದು ಒಬ್ಬರ ಫಾರಂ ಮಾತ್ರ ಹೊಂದದಿದ್ದರೆ ಕಾರಣ ಇದು. ಹಾಗೆಯೇ ಬ್ಯಾಂಕ್ ಖಾತೆ ಸಂಖ್ಯೆ ನಂಬರ್ ಆಗಿ ಟೈಪ್ ಆಗಿದ್ದರೆ ಮರೆತುಬಿಡಿ. ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನೆನಪಿಡುತ್ತದೆ, ಅದರ ಮುಂದಿನದ್ದು ಸೊನ್ನೆಯಾಗುತ್ತದೆ. ವಿಶ್ಲೇಷಣೆಯ ಫೈಲ್‌ನಲ್ಲಿ ರೈತರ ಖಾತೆ ಸಂಖ್ಯೆ ಇರಲೇಬಾರದು ಎಂಬುದು ಬೇರೆ ಮಾತು. ದಯವಿಟ್ಟು ತೆಗೆದುಹಾಕಿ.

ಇದೆಲ್ಲ ನಿಮ್ಮೊಬ್ಬರ ಕಷ್ಟ ಅಂದುಕೊಳ್ಳಬೇಡಿ. ಜೀವಶಾಸ್ತ್ರದಲ್ಲಿ ಜೀನ್‌ಗಳ ಹೆಸರಲ್ಲೇ ‘ಮಾರ್ಚ್1’, ‘ಸೆಪ್ಟ್2’ ಎಂದಿದ್ದವು. ಎಕ್ಸೆಲ್ ಅವನ್ನು ತಾರೀಖು ಮಾಡುತ್ತಿತ್ತು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟಿದ್ದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಈ ತಪ್ಪಿದೆ ಎಂದು 2016ರ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರ ಹೊತ್ತಿಗೆ ಹೆಸರಿಡುವ ಸಮಿತಿಯೇ ಜೀನ್‌ಗಳ ಹೆಸರು ಬದಲಿಸಿತು. 2023ರಲ್ಲಿ ಮೈಕ್ರೋಸಾಫ್ಟ್, ಈ ತಾನಾಗಿ ಬದಲಿಸುವ ಚಾಳಿಯನ್ನು ನಿಲ್ಲಿಸುವ ಆಯ್ಕೆಯನ್ನು ಎಕ್ಸೆಲ್‌ನ ಸೆಟ್ಟಿಂಗ್ಸ್‌ನಲ್ಲಿ ಕೊಟ್ಟಿತು. ನಿಮ್ಮ ಆವೃತ್ತಿಯಲ್ಲಿ ಇದ್ದರೆ ಇವತ್ತೇ ನಿಲ್ಲಿಸಿ.

ನಿಮ್ಮ ಮಾರ್ಗದರ್ಶಕರು ಎಸ್‌ಪಿಎಸ್‌ಎಸ್ ಬಳಸಿ ಅಂದರಂತೆ. ಬಳಸಿ, ತೊಂದರೆ ಇಲ್ಲ. ಆದರೆ ಅಲ್ಲಿ ಇತ್ತೀಚಿನ ಆವೃತ್ತಿಗಳಲ್ಲಿ ಎಕ್ಸೆಲ್ ಫೈಲ್ ತೆರೆಯುವಾಗ 95 ಶೇಕಡ ಎಂಬ ಒಂದು ಸಂಖ್ಯೆ ಇರುತ್ತದೆ. ಕಾಲಂನ ಅಷ್ಟು ಭಾಗ ನಂಬರ್ ಇದ್ದರೆ ಇಡೀ ಕಾಲಂ ನಂಬರ್, ಉಳಿದದ್ದು ಖಾಲಿ. 1,260ರಲ್ಲಿ 5 ಶೇಕಡ ಅಂದರೆ 63. ನಿಮ್ಮ 41 ಸೆಲ್ ಆ ಮಿತಿಯೊಳಗೇ ಬರುತ್ತವೆ. ಅಂದರೆ ‘2 ಎ 10 ಗುಂ’ ಎಲ್ಲ ಖಾಲಿಯಾಗುತ್ತಿತ್ತು, ಕಾಲಂ ಮಾತ್ರ ನಂಬರ್ ಆಗಿ ನೀಟಾಗಿ ಕಾಣುತ್ತಿತ್ತು. ಅದನ್ನು 100 ಮಾಡಿ ತೆರೆಯಿರಿ. ಸ್ಟೇಟಾದಲ್ಲಾದರೆ ಎಲ್ಲವನ್ನೂ ಟೆಕ್ಸ್ಟ್ ಆಗಿ ಓದುವ ‘ಆಲ್‌ಸ್ಟ್ರಿಂಗ್’ ಆಯ್ಕೆ ಕೊಟ್ಟು ಆಮದು ಮಾಡಿ, ಆಮೇಲೆ ಟೆಕ್ಸ್ಟನ್ನು ನಂಬರ್ ಮಾಡುವ ‘ಡಿಸ್ಟ್ರಿಂಗ್’ ಬಳಸಿ. ನಂಬರ್ ಅಲ್ಲದ್ದು ಇದ್ದರೆ ಅದು ಬದಲಿಸಲು ಒಪ್ಪುವುದಿಲ್ಲ. ಆಗ ಬಲವಂತವಾಗಿ ಬದಲಿಸುವ ‘ಫೋರ್ಸ್’ ಹಾಕುವ ಆಸೆ ಬರುತ್ತದೆ, ಹಾಕಬೇಡಿ. ‘ಎನ್‌ಕೋಡ್’ ಅಂತೂ ಬೇಡವೇ ಬೇಡ. ಅದು ಟೆಕ್ಸ್ಟ್‌ಗಳನ್ನು ಅಕಾರಾದಿಯಾಗಿ ಜೋಡಿಸಿ 1, 2, 3 ಎಂದು ಸಂಖ್ಯೆ ಕೊಡುತ್ತದೆ, ಒಳಗಿದ್ದ ಬೆಲೆಯನ್ನಲ್ಲ.

ಈ ಕೊನೆಯದನ್ನು ನಾನು ಅನುಭವಿಸಿ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತು. ಆಗಿನ ಆರ್, ಟೆಕ್ಸ್ಟ್ ಕಾಲಂ ಸಿಕ್ಕರೆ ತಾನಾಗೇ ‘ಫ್ಯಾಕ್ಟರ್’ ಮಾಡುತ್ತಿತ್ತು, ಅಂದರೆ ಬೇರೆ ಬೇರೆ ಬರವಣಿಗೆಗಳ ಪಟ್ಟಿ ಮಾಡಿ ಒಳಗೆ ಅವುಗಳ ಕ್ರಮಸಂಖ್ಯೆ ಇಟ್ಟುಕೊಳ್ಳುತ್ತಿತ್ತು. 2020ರ 4.0 ಆವೃತ್ತಿಯಲ್ಲಿ ಆ ಪದ್ಧತಿ ಬಿಟ್ಟರು. ಮಳೆಯ ಅಂಕಿಅಂಶದಲ್ಲಿ ಒಂದು ಕಡೆ ‘ಮಾಪನ ಕೆಟ್ಟಿದೆ’ ಅಂತ ಯಾರೋ ಬರೆದಿದ್ದರು. ಅಷ್ಟಕ್ಕೇ ಕಾಲಂ ಫ್ಯಾಕ್ಟರ್ ಆಯಿತು. ನಾನು ನೇರ ನಂಬರ್‌ಗೆ ತಿರುಗಿಸಿದೆ. 812 ಮಿಲಿಮೀಟರ್ ಮಳೆ 37 ಆಯಿತು, ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆ. ಎನ್‌ಎ ಒಂದೂ ಬರಲಿಲ್ಲ. ಎಲ್ಲವೂ ಸಣ್ಣ ಸಂಖ್ಯೆಗಳಾದದ್ದರಿಂದ ವಾರದ ಮಳೆ ಇರಬೇಕು ಅಂದುಕೊಂಡು ಎರಡು ದಿನ ಅದರ ಮೇಲೇ ಕೆಲಸ ಮಾಡಿದೆ. ಹಿರಿಯರೊಬ್ಬರು ಮೂಲ ಶೀಟಿನ ಮೊದಲ ಮೂರು ಸಾಲು ಪಕ್ಕದಲ್ಲಿಟ್ಟು ತೋರಿಸಿದರು. ಅವತ್ತಿನಿಂದ ನಾನು ಆಮದು ಮಾಡಿದ ಮೇಲೆ ಮೊದಲ ಐದು, ಕೊನೆಯ ಐದು, ನಡುವಿನ ಐದು ಸಾಲುಗಳನ್ನು ಮೂಲ ಫೈಲ್ ಜೊತೆ ಕಣ್ಣಾರೆ ಹೋಲಿಸದೆ ಮುಂದೆ ಹೋಗುವುದಿಲ್ಲ. ಕೊನೆಯ ಸಾಲುಗಳನ್ನು ನೋಡುವುದರಿಂದ ಇನ್ನೊಂದು ಲಾಭವಿದೆ. ಯಾರೋ ಹಾಕಿದ ‘ಒಟ್ಟು’ ಎಂಬ ಸಾಲು ಅಲ್ಲೇ ಸಿಗುತ್ತದೆ. ಅದು ಹಾಗೇ ಉಳಿದರೆ ಅದೂ ಒಬ್ಬ ರೈತ ಆಗುತ್ತದೆ.

ಮುಂದಿನ ಸುತ್ತಿನ ಸರ್ವೆಗೆ ಇಷ್ಟು ಮಾಡಿ. ಎಕರೆಗೊಂದು ಕಾಲಂ, ಗುಂಟೆಗೊಂದು ಕಾಲಂ. ಗುಂಟೆಯಲ್ಲಿ 0ಯಿಂದ 39ರವರೆಗೆ ಮಾತ್ರ ಒಪ್ಪುವಂತೆ ಡೇಟಾ ವ್ಯಾಲಿಡೇಶನ್ ಹಾಕಿ. ಸರ್ವೆ ನಂಬರ್ ಬೇರೆ, ಹಿಸ್ಸಾ ಬೇರೆ. ಈ ಎರಡೂ ಕಾಲಂಗಳನ್ನು ಟೈಪ್ ಶುರುವಾಗುವ ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್ ಮಾಡಿ. ಟೈಪ್ ಆದ ಮೇಲೆ ಮಾಡಿದರೆ ಪ್ರಯೋಜನವಿಲ್ಲ, ತಾರೀಖು ಆಗಿದ್ದು 44632 ಆಗುತ್ತದೆ ಅಷ್ಟೇ. ಸಿಎಸ್‌ವಿ ಫೈಲ್ (ಕಾಮಾ ಹಾಕಿ ಬೇರ್ಪಡಿಸಿದ ಸಾದಾ ಟೆಕ್ಸ್ಟ್ ಫೈಲ್) ಬಂದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಸರಿಯಾಗಿದ್ದ ‘12/3’ ಆ ಒಂದು ಸೇವ್‌ನಲ್ಲಿ ಹಾಳಾಗುತ್ತದೆ.

ಸದ್ಯಕ್ಕೆ ಇವತ್ತಿನ ಕೆಲಸ ಎರಡೇ. ಆರೂ ಮೂಲ ಫೈಲ್‌ಗಳನ್ನು ‘ಮುಟ್ಟಬೇಡಿ’ ಎಂಬ ಒಂದು ಫೋಲ್ಡರ್‌ಗೆ ನಕಲು ಮಾಡಿ ಬೀಗ ಹಾಕಿಡಿ. ತಿದ್ದುವುದೆಲ್ಲ ಕೋಡ್‌ನಲ್ಲೇ ಆಗಲಿ, ನಾಳೆ ಯಾರಾದರೂ ಕೇಳಿದರೆ ಏನು ಬದಲಿಸಿದಿರಿ ಎಂದು ಸಾಲುಸಾಲಾಗಿ ತೋರಿಸಬಹುದು. ಆಮೇಲೆ ಆರು ಜನರ ಚುಕ್ಕೆಯ ನಂತರದ ಪಟ್ಟಿ ಮಾಡಿ ನನಗೆ ಕಳಿಸಿ. ಆ 2.5 ಬರೆದವರು ಗುಂಟೆಯವರೋ ಅರ್ಧ ಎಕರೆಯವರೋ ಅಂತ ಒಟ್ಟಿಗೆ ಕೂತು ನೋಡೋಣ.